ವಿಶ್ರಾಂತಿ ಕೋಣೆಯ ಕೀಲಿ

ಅಕ್ಟೋಬರ್ 7, ಸೋಮವಾರ

ಬೆಳಗಿನ ‘ಐದು ನಿಮಿಷದ ಸಭೆ’ ಇಂದು ಐವತ್ತೈದು ನಿಮಿಷ. ಎಲ್ಲರೂ ನಿಂತೇ ಇದ್ದೆವು. ಕೊನೆಗೆ ಮುಖ್ಯ ವೈದ್ಯರು, ತಾಲಾಯ್‌ಬೆಕ್ ಜುಮಾಶೆವಿಚ್, ನನ್ನತ್ತ ತಿರುಗಿದರು. ಹೊರದೇಶದ ಯೋಜನೆಯೊಂದು ಬಂದಿದೆ. ಸಿಬ್ಬಂದಿಯ ದಣಿವು ಕಡಿಮೆ ಮಾಡಲು. ಕೈಪಿಡಿ ಇಂಗ್ಲಿಷಿನಲ್ಲಿದೆ.

“ಮೈರಾಮ್‌ಗುಲ್ ಸಾದಿರೋವ್ನಾ, ಇಂಗ್ಲಿಷ್ ಸ್ಕೂಲಲ್ಲಿ ಓದಿದೋರು ನೀವೊಬ್ರೇ. ಇನ್ಮೇಲೆ ನಮ್ಮ ನೆಮ್ಮದಿಗೆ ನೀವೇ ಜವಾಬ್ದಾರಿ.”

ಹಿಂದಿನಿಂದ ನರ್ಸ್ ಜಿಬೆಕ್: “ಹಾಗಾದ್ರೆ ನಿದ್ದೆ ಬರ್ಲಿಲ್ಲಾಂದ್ರೆ ಎಜೆನೇ ಲಾಲಿ ಹಾಡ್ಬೇಕು!”

ನಕ್ಕೆವು. ಕೆಲಸದ ಜಾಗದಲ್ಲಿ ನನ್ನನ್ನು ‘ಎಜೆ’, ಅಕ್ಕ, ಎನ್ನುವವಳು ಅವಳೊಬ್ಬಳೇ. ನಾನು ಹೆಡ್ ನರ್ಸ್ ಆಗಿರುವ ಈ ವಾರ್ಡಿಗೆ ಅವಳು ಬಂದು ಹದಿನೇಳು ವರ್ಷವಾಯಿತು.

ಅಕ್ಟೋಬರ್ 9

ಕೈಪಿಡಿ ಓದಿ ಮುಗಿಸಿದೆ. ಒಳ್ಳೆಯ ಪುಸ್ತಕ. ಮೂರನೆಯ ಅಧ್ಯಾಯ: ಪಾಳಿ ಚಿಕ್ಕದು ಮಾಡಿ, ಜನ ಹೆಚ್ಚಿಸಿ. ಮುಖ್ಯ ವೈದ್ಯ ಸಾಹೇಬರಿಗೆ ತೋರಿಸಿದೆ.

“ಅದು ಬಿಡಿ. ಜನ ಎಲ್ಲಿಂದ ತರ್ಲಿ? ಎಲ್ಲಾ ಮಾಸ್ಕೋದಲ್ಲಿ ನೆಲ ಒರೆಸ್ತಿದಾರೆ. ಐದನೇದು ಮಾಡಿ, ಐದನೇದು.”

ಐದನೆಯದು ವಿಶ್ರಾಂತಿ ಕೋಣೆ.

ಅಕ್ಟೋಬರ್ 16

ಬಟ್ಟೆ ಇಡುತ್ತಿದ್ದ ಉಗ್ರಾಣ ಖಾಲಿಯಾಯಿತು. ಯೋಜನೆಯವರ ಮಸಾಜ್ ಕುರ್ಚಿ ಬಂತು. ಗಾಜಿನ ತೊಟ್ಟಿಯಲ್ಲಿ ಮೂರು ಮೀನು. ಗೋಡೆಗೆ ತಾಳೆಮರಗಳ ಚಿತ್ರ... ಕಿಟಕಿಯಾಚೆ ಹಿಮ. ಶುಕ್ರವಾರ ರಾಜಧಾನಿ ಬಿಷ್ಕೆಕ್‌ನಿಂದ ಯೋಜನೆಯ ಸಮಿತಿ ಬರುವವರೆಗೆ ಕುರ್ಚಿಯ ಪ್ಲಾಸ್ಟಿಕ್ ತೆಗೆಯಬಾರದು, ಬಾಗಿಲು ತೆರೆಯಬಾರದು.

ಒಂದು ರಿಜಿಸ್ಟರ್ ಮಾಡಿದ್ದೇನೆ. ಹೆಸರು, ಸಮಯ, ದಣಿವಿನ ಕಾರಣ. ಕೊನೆಯ ಕಾಲಂ ನನ್ನದೇ ಯೋಚನೆ. ಕೀಲಿ ನನ್ನ ಕೋಟಿನ ಜೇಬಿನಲ್ಲಿ.

ಅಕ್ಟೋಬರ್ 17, ಗುರುವಾರ. ಸಂಜೆ 5

3:20ಕ್ಕೆ ಜಿಬೆಕ್ ಬಂದಳು. ಬದಲಿ ನರ್ಸಿನ ಮಗುವಿಗೆ ಜ್ವರ. ಹಾಗಾಗಿ ನಿನ್ನೆ ಬೆಳಿಗ್ಗೆ ಎಂಟರಿಂದ ಇವಳೇ. ಮೂವತ್ತೊಂದು ರೋಗಿಗಳು.

“ಎಜೆ, ಇಪ್ಪತ್ತೇ ನಿಮಿಷ. ನಿಮ್ಮ ಸಿಂಹಾಸನದ ಮೇಲೆ. ಪ್ಲಾಸ್ಟಿಕ್ ಮುಟ್ಟಲ್ಲ, ಮೊಟ್ಟೆ ಮೇಲೆ ಕೋಳಿ ಕೂತ ಹಾಗೆ ಕೂರ್ತೀನಿ.”

“ನಾಳೆ ಸಮಿತಿ ಬರುತ್ತೆ ಕಣೇ. ಅವರು ಹೋದ ತಕ್ಷಣ ಮೊದಲು ನೀನೇ.”

“ನಾಳೆ ಮನೇಲೇ ಹಾಸಿಗೆ ಇರುತ್ತಲ್ಲ ಎಜೆ.” ನಕ್ಕಳು. ಜೇಬಿನಿಂದ ಒಣಮೊಸರಿನ ಉಂಡೆ ಎರಡು ತೆಗೆದು ನನ್ನ ಅಂಗೈಗಿಟ್ಟು ಹೋದಳು.

ಅಷ್ಟು ಹೊತ್ತು ವಾರ್ಡು ನಾನೇ ನೋಡಿಕೊಳ್ಳಬಹುದಿತ್ತು. ಈಗ ಬರೆಯುವಾಗ ಹೊಳೆಯುತ್ತಿದೆ.

ಅಕ್ಟೋಬರ್ 18

ನಿನ್ನೆ ಸಂಜೆ ಆರಕ್ಕೆ ಒಂಬತ್ತನೇ ಹಾಸಿಗೆಯ ಇನ್ಸುಲಿನ್ ಏಳನೆಯದಕ್ಕೆ ಹೋಯಿತು. ಸಕ್ಕರೆ ಕಾಯಿಲೆಯೇ ಇಲ್ಲದ ಮುದುಕಿಗೆ. ತಪ್ಪು ಗೊತ್ತಾಗಿದ್ದೂ ಜಿಬೆಕ್‌ಗೇ. ಕೂಗಿದಳು, ಗ್ಲೂಕೋಸ್ ಹಿಡಿದು ಓಡಿದಳು. ಅಜ್ಜಿ ಉಳಿದರು. ಬೆಳಿಗ್ಗೆ ಚಹಾ ತಣ್ಣಗಿದೆ ಎಂದು ಬೈಯುತ್ತಿದ್ದರು.

ಹನ್ನೊಂದಕ್ಕೆ ಸಮಿತಿ. ಪ್ಲಾಸ್ಟಿಕ್ ತೆಗೆದೆವು. ಜೊತೆಗೆ ಬಂದಿದ್ದ ಹೊರದೇಶದವರೊಬ್ಬರು ಕೂತು ಕಣ್ಣು ಮುಚ್ಚಿದರು. ಬಹಳ ಹಿತವಾಗಿದೆ ಎಂದರು. ಎಲ್ಲರಿಗೂ ಅನುವಾದಿಸಿ ಹೇಳಿದೆ.

ಅಕ್ಟೋಬರ್ 19

ಇಲ್ಲಿ ಎಲ್ಲ ತಪ್ಪಿಗೂ ಒಂದೇ ಔಷಧ — ವಿವರಣಾ ಪತ್ರ. ಜಿಬೆಕ್‌ಳದು ನಾಲ್ಕು ಸಾಲು. ‘ತಪ್ಪು ಮಾಡಿದೆ. ಆಗ ಮೂವತ್ನಾಲ್ಕು ಗಂಟೆಯಿಂದ ಕೆಲಸದಲ್ಲಿದ್ದೆ. 3:20ಕ್ಕೆ ವಿಶ್ರಾಂತಿ ಕೋಣೆಯ ಕೀಲಿ ಕೇಳಿದೆ. ಸಿಗಲಿಲ್ಲ.’

ಯಾರು ಕೊಡಲಿಲ್ಲವೆಂದು ಬರೆದಿಲ್ಲ.

ಸಾಹೇಬರು ಪತ್ರವನ್ನು ನನ್ನತ್ತ ತಳ್ಳಿದರು. “ಇದು ಬಿಷ್ಕೆಕ್‌ಗೆ ಹೋಗುತ್ತೆ. ಈ ಸಾಲುಗಳು ಇದ್ರೆ ತಪ್ಪು ಆಸ್ಪತ್ರೇದು. ಇಲ್ದಿದ್ರೆ ಅವಳ್ದು. ಬೇರೆ ಬರೆಸಿ.”

“ಅವಳ ಕೆಲಸ ಹೋಗುತ್ತೆ.”

“ನಿಮ್ದು ಉಳಿಯುತ್ತೆ. ಕೀಲಿ ಯಾರ ಜೇಬಲ್ಲಿತ್ತು ಅಂತ ನಾನೇನು ಕೇಳಿದ್ನಾ?”

ಅಕ್ಟೋಬರ್ 21

ಮೆಟ್ಟಿಲು ಇಳಿಯುತ್ತ ಮಾತು ಜೋಡಿಸಿಕೊಂಡಿದ್ದೆ. ಜಿಬೆಕ್ ಆಡಲು ಬಿಡಲಿಲ್ಲ.

“ಪೆನ್ನು ಕೊಡಿ ಎಜೆ. ಏನು ಬರೀಬೇಕು?”

ಹೇಳಿ ಬರೆಸಿದೆ. ‘ನನ್ನ ಅಜಾಗರೂಕತೆಯಿಂದ ಮಾತ್ರ.’ ಬರೆದು ತಲೆಯೆತ್ತಿದಳು.

“ಈ ‘ಮಾತ್ರ’ ಸಾಹೇಬ್ರು ಹೇಳಿದ್ದಾ, ನೀವೇ ಸೇರಿಸಿದ್ದಾ?”

ಸಾಹೇಬರು ಹೇಳಿರಲಿಲ್ಲ.

ಪತ್ರದ ಕೊನೆಗೆ ಬೆರಳಿಟ್ಟು ತೋರಿಸಿದೆ. ಸಹಿ ಹಾಕಿದಳು. ಮೊದಲನೆಯ ಪತ್ರ ಈ ಡೈರಿಯೊಳಗಿದೆ. ಯಾಕೆ ಹರಿಯಲಿಲ್ಲವೋ.

ನವೆಂಬರ್ 5

ಜಿಬೆಕ್ ಬಿಳಿ ಕೋಟು ಹಿಂದಿರುಗಿಸಲು ಬಂದಿದ್ದಳು. ಒಗೆದು ಇಸ್ತ್ರಿ ಮಾಡಿದ್ದಳು. ಶನಿವಾರ ಮಾಸ್ಕೋಗೆ.

“ಒಬ್ಬಳೇ ಮುದುಕಿ ನೋಡ್ಕೊಳ್ಳೋದಂತೆ. ಮೂವತ್ತೊಂದಲ್ಲ, ಒಂದು! ಕಾಲು ಚಾಚಿ ಮಲಗ್ತೀನಿ.”

ಮಗಳನ್ನು ಎಲ್ಲಿ ಬಿಡುತ್ತೀಯ ಎಂದೆ. ಅಜ್ಜಿಯ ಮನೆಯಲ್ಲಿ. ಹೇಳುವಾಗ ನನ್ನನ್ನು ಎಜೆ ಎನ್ನಲಿಲ್ಲ. ಸಾಹೇಬರ ಹಾಗೆ ಮೈರಾಮ್‌ಗುಲ್ ಸಾದಿರೋವ್ನಾ ಎಂದಳು.

ವಜಾದ ವಿರುದ್ಧ ಮೇಲ್ಮನವಿಗೆ ಶುಕ್ರವಾರ ಕೊನೆ. ಅವಳು ಹಾಕುವುದಿಲ್ಲವಂತೆ. ಸಾಕ್ಷಿಯಾದವರು ಬರೆದು ಕೊಟ್ಟರೂ ನಡೆಯುತ್ತದೆ, ವಿಚಾರಿಸಿದ್ದೇನೆ.

ಸಂಜೆ 6

ನಮ್ಮ ಆಸ್ಪತ್ರೆಗೆ ಯೋಜನೆಯಲ್ಲಿ ಮೊದಲ ಸ್ಥಾನ. ವಿಶ್ರಾಂತಿ ಕೋಣೆಯ ರಿಜಿಸ್ಟರ್ ಕಳಿಸಬೇಕಂತೆ. ಒಂದೂ ಹೆಸರಿಲ್ಲ. “ನಾಳೆಯೊಳಗೆ ಒಂದಿಪ್ಪತ್ತು ತುಂಬಿಸಿ,” ಎಂದರು ಸಾಹೇಬರು. “ಬೇರೆ ಬೇರೆ ಪೆನ್ನಲ್ಲಿ.”

ಕೋಣೆ ತೆರೆದು ಕುರ್ಚಿಯ ಮೇಲೆ ಕೂತಿದ್ದೇನೆ. ನಿಜವಾಗಿಯೂ ಹಿತವಾಗಿದೆ. ರಿಜಿಸ್ಟರ್ ತೊಡೆಯ ಮೇಲೆ. ಅದರಲ್ಲಿ ಅಲ್ಲ, ಬಿಷ್ಕೆಕ್‌ಗೆ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ವಿವರಣಾ ಪತ್ರ. ಅಕ್ಟೋಬರ್ 17ರಂದು 3:20ಕ್ಕೆ ಕೀಲಿ ನನ್ನ ಜೇಬಿನಲ್ಲಿತ್ತು. ಜಿಬೆಕ್ ಕೇಳಿದಳು. ನಾನು ಕೊಡಲಿಲ್ಲ, ಏಕೆಂದರೆ