ಗಾಜು ತೊಳೆಯುವವಳ ಫೋಟೊ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚುಕ್ಕಿ,

‘ಪ್ರೀತಿಯ’ ಎಂದು ಬರೆದು, ಹೊಡೆದು ಹಾಕಿ, ಕಾಗದ ಬದಲಿಸಿ ಮತ್ತೆ ಅದನ್ನೇ ಬರೆದಿದ್ದೇನೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂಬುದನ್ನು ಇಷ್ಟರಲ್ಲೇ ತಿಳಿದುಕೋ. ಕಳೆದ ವಾರ ನೀನು ಏಳು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗುತ್ತೇನೆ, ಆಡಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಪತ್ರವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಜಾಹೀರಾತು ಕಂಪನಿಯಲ್ಲಿ ಫೋಟೊ ತೆಗೆಯುವ ಕೆಲಸ ಸಿಕ್ಕಿ ನೀನು ಹೊರಟಾಗ, ಹಳೆಯ ಕ್ಯಾಮೆರಾವನ್ನು ಬೀರುವಿನಲ್ಲಿ ಬಿಟ್ಟು ಹೋದೆಯಲ್ಲ, ಮೂರು ವರ್ಷದಿಂದ ಅದು ನನ್ನ ಕೈಯಲ್ಲಿದೆ. ನಿನಗೆ ಹೇಳಲಿಲ್ಲ. ಅದು ನನ್ನ ತಪ್ಪು ಎನ್ನುವುದಾದರೆ ಅನ್ನು. ಕಾಲೇಜಿನ ಲ್ಯಾಬಿನಲ್ಲಿ ತರಗತಿ ಮುಗಿದ ಮೇಲೆ, ತೊಳೆದಿಟ್ಟ ಫ್ಲಾಸ್ಕು ಬೀಕರುಗಳು ಒಣಗುವ ಒಂದು ಗಂಟೆ ನನ್ನದು. ಆ ಹೊತ್ತಿನಲ್ಲಿ ಉಳಿದವರು ಹರಟೆ ಹೊಡೆಯುತ್ತಾರೆ, ನಾನು ಫೋಟೊ ಹೊಡೆಯುತ್ತಿದ್ದೆ.

ಹವ್ಯಾಸಿಗಳಿಗಾಗಿ ಫೋಟೊ ಸಂಘದವರು ಸ್ಪರ್ಧೆ ಇಟ್ಟು, ಈ ಸಲದ ವಿಷಯ ‘ಗಾಜು’ ಎಂದು ಕಾಲೇಜಿನ ಗೋಡೆಗೆ ಅಂಟಿಸಿದ್ದನ್ನು ಓದಿದಾಗ ನನಗೆ ನಗುವೇ ಬಂತು. ಇಪ್ಪತ್ತಾರು ವರ್ಷದಿಂದ ನಾನು ದಿನಾ ನೋಡುತ್ತಿರುವುದು ಇನ್ನೇನನ್ನು? ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದೆ. ಅದರ ಮುಂದೆ, ನಡುಮಧ್ಯಕ್ಕೆ ಬರುವಂತೆ ಒಂದು ಕಪ್ಪು ರಟ್ಟು ನಿಲ್ಲಿಸಿದೆ. ರಟ್ಟಿನ ಮುಂದೆ ಮೂರು ಫ್ಲಾಸ್ಕು. ಬೆಳಕು ರಟ್ಟಿನ ಪಕ್ಕದಿಂದ ನುಸುಳಿ ಬಂದು ಗಾಜಿನ ಅಂಚಿಗೆ ಮಾತ್ರ ತಾಗಿತು. ಸ್ಲೇಟಿನ ಮೇಲೆ ಯಾರೋ ಬಳಪದಿಂದ ಒಂದೇ ಎಳೆಯಲ್ಲಿ ಮೂರು ಫ್ಲಾಸ್ಕು ಬರೆದಂತೆ ಬಂತು ಕಣೇ ಫೋಟೊ.

ಅರ್ಜಿಯಲ್ಲಿ ಉದ್ಯೋಗ ಎಂದಿದ್ದಲ್ಲಿ ‘ಗಾಜು ತೊಳೆಯುವುದು’ ಎಂದು ಬರೆದೆ. ನಾಚಿಕೆ ಏನಿದೆ? ಇನ್ನೊಂದು ಫೋನ್ ನಂಬರ್ ಕೊಡಿ ಎಂದಿತ್ತು, ನಿನ್ನದು ಕೊಟ್ಟೆ. ಮೊದಲ ಬಹುಮಾನ ನಿಮಗೇ ಎಂದು ಕಾರ್ಯದರ್ಶಿ ಫೋನಿನಲ್ಲಿ ತಿಳಿಸಿದಾಗಲೂ ನಿನಗೆ ಹೇಳಲಿಲ್ಲ. ಬಹುಮಾನದ ಕಪ್ಪನ್ನು ನಿನ್ನ ಮನೆಗೇ ತಂದು ಎದುರಿಗೆ ಇಟ್ಟು ನಿನ್ನ ಮುಖ ನೋಡಬೇಕು ಎಂಬ ಆಸೆ.

ಒಂಬತ್ತು ದಿನದ ಹಿಂದೆ, ಭಾನುವಾರ ಸಭೆ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದೆ. ಮೊದಲ ಬಹುಮಾನ ಎಂದು ಕೂಗಿದ್ದು ಯಾರನ್ನು ಗೊತ್ತೇ? ಎರಡನೇ ಸ್ಥಾನದಲ್ಲಿದ್ದ ಹಲ್ಲಿನ ಡಾಕ್ಟರನ್ನು. ನನ್ನ ಹೆಸರೇ ಇಲ್ಲ! ನಾನು ಎದ್ದು ಸೀದಾ ವೇದಿಕೆಯ ಹತ್ತಿರ ಹೋಗಿ ಕೇಳಿದೆ.

ಕಾರ್ಯದರ್ಶಿ ತಗ್ಗಿದ ದನಿಯಲ್ಲಿ, “ಬೇಜಾರು ಮಾಡ್ಕೋಬೇಡಿ ಅಮ್ಮ. ಇಂಥ ಬೆಳಕು ಅಭ್ಯಾಸ ಆಗೋಕೆ ವರ್ಷಗಟ್ಟಲೆ ಬೇಕು” ಎಂದ.

“ಇಪ್ಪತ್ತಾರು ವರ್ಷ ಆಯ್ತು, ಸಾಲ್ದಾ?” ಎಂದೆ.

ಆಗ ಅವನು ದನಿ ಏರಿಸಿದ. “ನೋಡಿ, ನಿಮಗೆ ತಿಳಿಸಿದ ಮೇಲೆ ಅರ್ಜಿ ಓದಿ, ನೀವು ಕೊಟ್ಟ ಇನ್ನೊಂದು ನಂಬರಿಗೆ ಫೋನ್ ಮಾಡಿದ್ವಿ. ಅವರು ದುಡ್ಡಿಗೆ ಫೋಟೊ ತೆಗೆಯೋರು. ಅವರು ತೆಗೆದಿದ್ದನ್ನ ನೀವು ಕಳಿಸಿದೀರಿ ಅಂದ್ಕೊಂಡು ಕೇಳಿದ್ವಿ. ‘ನಾನು ತೆಗೆದಿಲ್ಲ. ಅಮ್ಮನಿಗೆ ಅದೆಲ್ಲ ಬರಲ್ಲ, ಯಾರೋ ತೆಗೆದುಕೊಟ್ಟಿರಬೇಕು’ ಅಂತ ನಿಮ್ಮ ಮಗಳೇ ಹೇಳಿದ್ರು.”

ಸಭೆಗೆ ಸಭೆಯೇ ಕೇಳಿಸಿಕೊಂಡಿತು ಚುಕ್ಕಿ. ಅಮ್ಮನಿಗೆ ಅದೆಲ್ಲ ಬರಲ್ಲ. ನಿನ್ನ ಹೆಸರಿಗೆ ಮಸಿ ಹತ್ತದಿದ್ದರೆ ಸಾಕು ಎಂದು ಹೆದರಿ ಹೇಳಿರಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ‘ಕೇಳಿ ಹೇಳ್ತೀನಿ’ ಎನ್ನಬಾರದಿತ್ತೇ? ನನಗೊಂದು ಫೋನ್ ಮಾಡಬಾರದಿತ್ತೇ? ನಿನಗೆ ಬರುವುದು ನನಗೆ ಬರುವುದಿಲ್ಲ ಎಂದು ಹೇಳಲು ನಿನಗೆ ಒಂದು ನಿಮಿಷವೂ ಬೇಕಾಗಲಿಲ್ಲವಲ್ಲ, ಅದು ನನ್ನನ್ನು ಸುಡುತ್ತಿರುವುದು.

ಅಲ್ಲಿಂದ ಎದ್ದು ಬರಬಹುದಿತ್ತು. ಬರಲಿಲ್ಲ. ವೇದಿಕೆಯ ಮೇಲೆ ಗಣ್ಯರಿಗೆಂದು ಗಾಜಿನ ಜಗ್ಗಿನಲ್ಲಿ ನೀರಿಟ್ಟಿದ್ದರು. ಅದನ್ನು ಎತ್ತಿಕೊಂಡೆ. “ಒಂದು ಕ್ಯಾಮೆರಾ ಕೊಡಿ, ಇಲ್ಲೇ ತೆಗೀತೀನಿ” ಎಂದೆ. ಹಲ್ಲಿನ ಡಾಕ್ಟರ್ ಕೆಳಗಿಳಿದು ಬಂದು ತಮ್ಮ ಕ್ಯಾಮೆರಾ ನನ್ನ ಕೈಗಿತ್ತರು.

ಕಿಟಕಿಗೆ ಬಿಳಿ ಪರದೆ ಇತ್ತು. ಮೇಜೊಂದನ್ನು ಅಲ್ಲಿಗೆ ಎಳೆದೆ. ಸಂಘದ ಹಾಜರಿ ಪುಸ್ತಕಕ್ಕೆ ಕಪ್ಪು ರಟ್ಟು, ಅದನ್ನೇ ಹಿಂದೆ ನಿಲ್ಲಿಸಿದೆ. ನೀರು ಚೆಲ್ಲಿ, ಜಗ್ಗಿನ ಮೇಲಿದ್ದ ಹತ್ತು ಜನರ ಬೆರಳಚ್ಚನ್ನು ಕರವಸ್ತ್ರದಿಂದ ಒರೆಸಿದೆ. ಮೊದಲನೆಯ ಫೋಟೊ ಕೆಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು. ಎರಡನೆಯದರಲ್ಲಿ ಕಿಟಕಿಯ ಸರಳು ಗಾಜಿನೊಳಗೆ ಬಂತು. ರಟ್ಟನ್ನು ಒಂದು ಬೆರಳಿನಷ್ಟು ಹಿಂದೆ ಸರಿಸಿ ಮೂರನೆಯದನ್ನು ತೆಗೆದೆ.

ಡಾಕ್ಟರ್ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದರು. ಕತ್ತಲಿನಲ್ಲಿ ಬರೀ ಬೆಳಕಿನ ಗೆರೆಯಾಗಿ ಜಗ್ಗು ನಿಂತಿತ್ತು. ಹಿಡಿಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಮಿಂಚುತ್ತಿತ್ತು. ಅಷ್ಟು ಹೊತ್ತು ಅದೇ ಜಗ್ಗಿನಿಂದ ಬಗ್ಗಿಸಿ ಕುಡಿದವರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. “ಇದನ್ನ ಇನ್ನು ಬಳಸಬೇಡಿ, ಯಾರದಾದ್ರೂ ಕೈ ಕೊಯ್ಯುತ್ತೆ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. ‘ವಿಶೇಷ ಪ್ರೋತ್ಸಾಹಕ ಬಹುಮಾನ’ ಕೊಡುತ್ತೇವೆ ಎಂದ. ಪ್ರೋತ್ಸಾಹವಂತೆ! ನನಗೆ ಬೇಡ ಎಂದೆ. ಡಾಕ್ಟರ್ ತಮ್ಮ ಕಪ್ಪನ್ನು ಮೇಜಿನ ಮೇಲಿಟ್ಟು, “ನಂದು ಎರಡನೇದು, ಎರಡನೇದಾಗೇ ಇರ್ಲಿ” ಎಂದು ಹೊರಟೇ ಹೋದರು.

ನಿನ್ನೆ ಸಂಘದಿಂದ ಪತ್ರ ಬಂತು. ಮೊದಲ ಬಹುಮಾನ ನನಗೇ ಎಂದು ತೀರ್ಮಾನಿಸಿದ್ದಾರೆ. ಕೊನೆಯಲ್ಲಿ ಒಂದು ಸಾಲು: ‘ಸ್ಪರ್ಧಿಯ ಮಗಳು ನೀಡಿದ ತಪ್ಪು ಹೇಳಿಕೆಯಿಂದ ಈ ಗೊಂದಲ ಉಂಟಾಗಿದ್ದು, ಇದರಲ್ಲಿ ಸಂಘದ ಲೋಪವಿಲ್ಲ.’ ಇದನ್ನೇ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರಂತೆ.

ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ಬಿಡುವಿನಲ್ಲೇ ಅವರ ಕಚೇರಿಗೆ ಹೋದೆ. ಅರ್ಜಿಯಲ್ಲಿ ನನ್ನ ಕೆಲಸ ಓದಿದ ಕೂಡಲೇ ಅನುಮಾನಪಟ್ಟವರು ನೀವು, ನನ್ನನ್ನು ಒಂದು ಮಾತು ಕೇಳದೆ ಊರೆಲ್ಲ ವಿಚಾರಿಸಿದವರು ನೀವು, ಈಗ ನನ್ನ ಮಗಳ ಸೆರಗಿನ ಹಿಂದೆ ಅಡಗುತ್ತೀರಾ ಎಂದು ಕೇಳಿದೆ. ನನ್ನ ಮಗಳನ್ನು ಬೈಯಲು ನಾನಿದ್ದೇನೆ, ನೀವು ಯಾರು? ಆ ಸಾಲು ತೆಗೆಯುವ ತನಕ ಕಪ್ಪನ್ನು ಮುಟ್ಟುವುದಿಲ್ಲ ಎಂದೆ. ಕಾರ್ಯದರ್ಶಿ ನನ್ನ ಎದುರಿಗೇ ಅದನ್ನು ಹೊಡೆದು ಹಾಕಿ, ‘ಸಂಘದಿಂದ ತಪ್ಪಾಗಿದೆ’ ಎಂದು ಬರೆದು ಸಹಿ ಹಾಕಿದ.

ಕಪ್ಪು ಈಗ ಮನೆಯಲ್ಲಿದೆ. ನಾನು ಅದನ್ನು ನಿನ್ನ ಮನೆಗೆ ಹೊತ್ತು ತರುವುದಿಲ್ಲ. ನೋಡಬೇಕೆನಿಸಿದರೆ ನೀನೇ ಬಾ. ಬಂದಾಗ ಅಳಬೇಡ. ಮೊದಲು ಫೋಟೊ ನೋಡು, ಆಮೇಲೆ ಮಾತಾಡು.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಅಮ್ಮ

ಬಿಟ್ಟುಹೋದ ಮಾತು: ಕಪ್ಪು ಕೊಡುವಾಗ ಕಾರ್ಯದರ್ಶಿ, ಯಾರ ಹತ್ತಿರ ಕಲಿತಿರಿ ಎಂದು ಕೇಳಿದ. ಯಾರೂ ಕಲಿಸಿಲ್ಲ ಎಂದೆ. ಅದು ಸುಳ್ಳು. ನೀನು ಓದುತ್ತಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಲೋಟಗಳನ್ನು ಜೋಡಿಸಿಕೊಂಡು ರಜೆಯ ದಿನವೆಲ್ಲ ನೀನು ಫೋಟೊ ತೆಗೆಯುತ್ತಿದ್ದೆ. ಲೈಟು ಹಿಡಿದು ನಿಲ್ಲುತ್ತಿದ್ದವಳು ನಾನು. ಕೈ ಅಲ್ಲಾಡಿಸಬೇಡ ಎಂದು ನೀನು ನನ್ನನ್ನು ಎಷ್ಟು ಬೈಯುತ್ತಿದ್ದೆ! ಅಲ್ಲಾಡಿದ್ದಲ್ಲ ಕಣೇ ಅದು. ಲೈಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಗಾಜು ಏನಾಗುತ್ತದೆ ಎಂದು ನಾನು ನೋಡುತ್ತಿದ್ದೆ.