ಹೊಂಡಕ್ಕೆ ಮಣ್ಣು ಬೀಳಕೂಡದು

ತಮ್ಮನಿಗೆ ಅಕ್ಕನ ಆಶೀರ್ವಾದ. ಮೊದಲು ಅಪ್ಪಣೆ, ಆಮೇಲೆ ಕ್ಷೇಮ ಸಮಾಚಾರ. ಮೀನೆಲ್ಲ ರೋಗ ಬಂದು ಸತ್ತವೆಂದು ಹೊಂಡ ಮುಚ್ಚಿಸಲು ಹೊರಟಿದ್ದೀಯಲ್ಲ, ಅದನ್ನು ಈ ಕ್ಷಣವೇ ನಿಲ್ಲಿಸು.

ನಿನ್ನೆ ನನ್ನ ಮಗಳ ಪ್ರಯೋಗಾಲಯ ನೋಡಿದೆ. ಅಲ್ಲಿ ಒಂದೇ ಒಂದು ಮೀನಿಲ್ಲ! ಮೀನಿನ ಮೈಯಿಂದ ತೆಗೆದ ಜೀವಕೋಶಗಳು ಬಾಟಲಿಯ ತಳದಲ್ಲಿ ತೆಳ್ಳಗೆ ಕೆನೆಯಂತೆ ಬೆಳೆಯುತ್ತವೆ. ಇದೇನೆಂದು ಕೇಳಲು ಬಾಯಿ ತೆರೆದೆ.

"ಅಮ್ಮಾ, ಮುಚ್ಚಳ ತೆಗೆದಾಗ ಮಾತಾಡ್ಬೇಡ! ನಿನ್ನ ಉಸಿರು ಬಿದ್ರೆ ತಿಂಗಳ ಕೆಲಸ ಹಾಳು."

ನನ್ನ ಬಾಯಿ ಮುಚ್ಚಿಸಿದವರು ಇದುವರೆಗೆ ಯಾರೂ ಇರಲಿಲ್ಲ, ನಿನ್ನ ಭಾವನೂ ಸೇರಿ.

ಆಮೇಲೆ ಸಣ್ಣ ಗುಳಿಗಳಿದ್ದ ಒಂದು ತಟ್ಟೆ ತೋರಿಸಿದಳು. ಎಲ್ಲ ಗುಳಿಗೂ ನಮ್ಮ ಮೀನುಗಳನ್ನು ಕೊಂದ ವೈರಸ್ಸನ್ನೇ ಹಾಕಿ, ಕೊನೆಗೆ ನೇರಳೆ ಬಣ್ಣ ಹುಯ್ದಿದ್ದಳು. ಬದುಕಿದ ಕೋಶ ಬಣ್ಣ ಹಿಡಿಯುತ್ತದೆ, ಸತ್ತದ್ದು ತೊಳೆದುಹೋಗುತ್ತದೆ. ಮೇಲಿನ ಸಾಲು ಬರಿದೋ ಬರಿದು. ಕೆಳಗಿನ ಸಾಲು ಮಾತ್ರ ಕಡು ನೇರಳೆ!

"ಇದೇನೇ ಮಾಯೆ?"

"ಮಾಯೆ ಅಲ್ಲಮ್ಮ. ವೈರಸ್ ಹೊಕ್ಕ ಕೋಶ ಅಕ್ಕಪಕ್ಕದವಕ್ಕೆ ಕಳ್ಳ ಬಂದ ಅಂತ ಸುದ್ದಿ ಮುಟ್ಸುತ್ತೆ. ಆ ಸುದ್ದಿಯ ರಸವನ್ನ ಕೆಳಗಿನವಕ್ಕೆ ಮೊದಲೇ ಕೊಟ್ಟಿದ್ದೆ. ಅವು ಬಾಗಿಲು ಹಾಕ್ಕೊಂಡು ಕೂತಿದ್ವು."

ಔಷಧಿಯಾಗಲು ವರ್ಷಗಳೇ ಬೇಕಂತೆ. ಬೇಕಾಗಲಿ. ಅವಳು ಇದನ್ನು ಓದಲು ಹೊರಟಾಗ, ಮೀನಿನ ಓದೂ ಒಂದು ಓದೇನು ಎಂದು ನೀನೂ ನಾನೂ ನಕ್ಕಿದ್ದೆವು. ನನ್ನ ಪಾಲಿನ ನಗುವನ್ನು ನಾನು ಹಿಂದಕ್ಕೆ ಪಡೆದಿದ್ದೇನೆ.

ಮೊಣಕಾಲು ಪರವಾಗಿಲ್ಲ. ಇಲ್ಲಿನ ಚಳಿಗೆ ಎರಡು ಜೊತೆ ಕಾಲುಚೀಲ ಹಾಕುತ್ತೇನೆ. ಕಾಗದದಲ್ಲಿ ಜಾಗ ಮುಗಿಯಿತು. ಹೊಂಡ ಎಷ್ಟು ವರ್ಷವಾದರೂ ಖಾಲಿಯೇ ಇರಲಿ, ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಊರಿನಲ್ಲಿ ನನ್ನ ಬಾಯಿಗೆ ತಡೆಯಿಲ್ಲ, ನೆನಪಿರಲಿ.

ಅಕ್ಕ