ಕಾಲು ಒತ್ತಿ ನೋಡುವವರಿಲ್ಲ

ಮಾರ್ಚ್ 3, ಸೋಮವಾರ

ಒಪ್ಪತ್ತು. ಗುಡಿಸಿ, ನೀರು ತುಂಬಿಸಿ, ದೀಪ ಹಚ್ಚಿ ಆಯಿತು. ಇವರನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದೆ. ಮತ್ತೆ ಏರಿದೆ. ಉಂಡು ಏರಿದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಹೃದಯ ಸೋತವರಿಗೆ ಹೀಗೇ.

ಮೊದಲು ನರ್ಸಮ್ಮ ವಾರಕ್ಕೊಮ್ಮೆ ಮನೆಗೇ ಬರುತ್ತಿದ್ದಳು. ಕಣಕಾಲು ಬೆರಳಲ್ಲಿ ಒತ್ತುವಳು. ಗುಳಿ ಬಿದ್ದರೆ ಡಾಕ್ಟರಿಗೆ ಹೇಳಿ ಮಾತ್ರೆ ಏರಿಸುವಳು. ಈಗ ಸಂಶೋಧನೆಯಂತೆ. ಅರ್ಧ ಜನಕ್ಕೆ ನರ್ಸ್, ಅರ್ಧ ಜನಕ್ಕೆ ಬರೀ ಫೋನ್. ಚೀಟಿ ಎತ್ತಿದ ಹಾಗೆ ಆರಿಸಿದರು. ನಮ್ಮ ಪಾಲಿಗೆ ಫೋನ್. ಸಹಿ ಹಾಕಿದವರು ಇವರೇ. "ದೊಡ್ಡ ಡಾಕ್ಟರು ಕೇಳ್ತಾರೆ, ಆಗಲ್ಲ ಅನ್ನೋಕಾಗುತ್ತೇನೆ?"

ಮಾರ್ಚ್ 6

ಫೋನ್ ಹುಡುಗಿ — "ಅಂಕಲ್, ಹೇಗಿದ್ದೀರಿ? ಉಸಿರಾಟಕ್ಕೆ ತೊಂದರೆ ಇದೆಯಾ?"

"ಏನಿಲ್ಲಮ್ಮ. ಚೆನ್ನಾಗಿದ್ದೀನಿ. ನಿಂದು ಊಟ ಆಯ್ತಾ?"

ಮೈ ಉರಿದುಹೋಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಗೋಡೆಗೆ ಒರಗಿ ಕೂತವರು!

"ಬೀಗರ ಮುಂದೆ ಹೇಳೋ ಮಾತನ್ನ ಆಸ್ಪತ್ರೆಗೆ ಹೇಳ್ತೀರಲ್ಲ, ನಾಚಿಕೆ ಆಗಲ್ವಾ?"

"ಪಾಪ, ಕೂಸು ಕಣೆ ಅದು. ಅದರ ಹತ್ರ ನನ್ನ ಗೋಳು ಹೇಳ್ಕೊಳ್ಳಲಾ?"

ತಮ್ಮ ಸೈಕಲ್ ರಿಪೇರಿ ಅಂಗಡಿಯಲ್ಲೂ ಇವರದು ಇದೇ. ಗಾಲಿ ಮುರಿದು ತಂದವನಿಗೂ "ಏನೂ ಆಗಿಲ್ಲ ಬಿಡಿ ಸ್ವಾಮಿ" ಅನ್ನುವ ಗಂಡಸು. ಇಂಥವರನ್ನು ಹೇಗಿದ್ದೀರಿ ಅಂತ ಕೇಳಿ ಪುಸ್ತಕ ತುಂಬಿಸುತ್ತಾರಲ್ಲ... ದೇವರೇ, ಓದಿದವರಿಗೆ ಇಷ್ಟೂ ತಿಳಿಯದೆ?

ಮಾರ್ಚ್ 13

ಈ ಸಲ ಫೋನ್ ನಾನೇ ಕಿತ್ತುಕೊಂಡೆ. ಕಾಲು ಊದಿದೆ, ಚಪ್ಪಲಿ ಹಿಡಿಸುತ್ತಿಲ್ಲ ಅಂದೆ.

"ಆಂಟಿ, ಪೇಷೆಂಟೇ ಹೇಳ್ಬೇಕು. ನೀವು ಹೇಳಿದ್ದು ಬರೆಯೋಕೆ ಇಲ್ಲಿ ಜಾಗ ಇಲ್ಲ."

"ಜಾಗ ಇಲ್ವಾ? ಹಾಗಾದ್ರೆ ಅಂಚಲ್ಲಿ ಬರಿ ತಾಯಿ!"

"ಅಂಚು ಇಲ್ಲ ಆಂಟಿ, ಕಂಪ್ಯೂಟರು."

ಇವರ ಕೈಗೆ ಕೊಟ್ಟೆ. ಚೆನ್ನಾಗಿದ್ದಾರಂತೆ.

ಏಪ್ರಿಲ್ 21, ಸೋಮವಾರ

ಒಪ್ಪತ್ತು. ಹಸಿವೇ ಇಲ್ಲ. ಆಸ್ಪತ್ರೆಯಿಂದ ಪತ್ರ ಬಂದಿದೆ. ಸಂಶೋಧನೆ ಯಶಸ್ವಿ. ಫೋನಿನವರೂ ನರ್ಸ್ ನೋಡಿದವರಷ್ಟೇ ಸೌಖ್ಯ. ನಾಳಿನ ಸಭೆಯಲ್ಲಿ ತೀರ್ಮಾನವಾದರೆ ಇನ್ನು ಯಾರ ಮನೆಗೂ ನರ್ಸ್ ಇಲ್ಲ. ಅಭಿಪ್ರಾಯವಿದ್ದರೆ ಬರೆದು ತಿಳಿಸಿ.

ಇದೆ. ಕೂತು ಬರೆದೆ. ಅಕ್ಷರ ಸೊಟ್ಟಗಿದ್ದರೆ ಇರಲಿ. "ನನ್ನ ಗಂಡ ಒಂದು ದಿನವೂ ಚೆನ್ನಾಗಿರಲಿಲ್ಲ. ನೀವು ಅಳೆದದ್ದು ಅವರ ಮರ್ಯಾದೆ, ಕಾಯಿಲೆಯಲ್ಲ. ನರ್ಸನ್ನು ಕಳಿಸಿ." ಇವರು ಇಣುಕಿ ನೋಡಿ, "ಸ್ವಲ್ಪ ಮೆತ್ತಗೆ ಬರೀಬಾರದಾ?" ಅಂದರು. ಅಷ್ಟು ಹೇಳಲು ಎರಡು ಸಲ ಉಸಿರು ಎಳೆದುಕೊಂಡರು.

ಏಪ್ರಿಲ್ 22, ಬೆಳಿಗ್ಗೆ 9

ಆಸ್ಪತ್ರೆ. ನಸುಕಿನಲ್ಲಿ ತುಟಿ ನೀಲಿಯಾಯಿತು. ಆಂಬುಲೆನ್ಸ್ ಕರೆಸಿದೆ. ಈಗ ಮೂಗಿಗೆ ಆಕ್ಸಿಜನ್. ಶ್ವಾಸಕೋಶಕ್ಕೇ ನೀರು ನುಗ್ಗಿದೆಯಂತೆ. ವಾರದ ಮುಂಚೆ ಯಾಕೆ ತರಲಿಲ್ಲ ಅಂತ ನನ್ನನ್ನೇ ಕೇಳಿದರು. ನನ್ನನ್ನೇ!

ಮೇಲಿನ ಮಹಡಿಯಲ್ಲಿ ಸಭೆ. ಕುರ್ಚಿ ಎಳೆಯುವ ಸದ್ದು ಕೇಳುತ್ತಿದೆ. ಇವರ ಕೈ ಬಿಟ್ಟು ಏಳಲಾರೆ. ಮಗಳಿಗೆ ಫೋನ್ ಮಾಡಿದೆ — ಮನೆಗೆ ಓಡು ಮಗಳೇ, ದೇವರ ಗೂಡಿನಲ್ಲಿ ನನ್ನ ಉತ್ತರ ಇದೆ, ತಗೊಂಡು ಬಾ, ನನ್ನ ಹತ್ರ ಬರಬೇಡ, ನೇರ ಮೇಲೆ ಹೋಗು, ಬಾಗಿಲು ಹಾಕಿದ್ದರೂ ತಳ್ಳಿ ಒಳಗೆ ಹೋಗಿ ಅವರ ಕೈಗೇ ಕೊಡು.